ಗಂಟು ಹೋಯ್ತು, ಮಾತ್ರೆ ಉಳೀತು

ನಮ್ಮ ಸೀಮೆಯಲ್ಲಿ ಕತ್ತಿನ ಮೇಲೆ ಗಂಟು ಎದ್ದರೆ ಮೊದಲು ನೆನಪಾಗುವವನು ನಂಜನಗೂಡಿನ ನಂಜುಂಡ. ನಂಜನ್ನು ಗಂಟಲಲ್ಲೇ ತಡೆದವನಲ್ಲವೇ! ಟಿಪ್ಪು ಸುಲ್ತಾನ್ ಕೂಡ ಈ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂಬ ಮಾತಿದೆ. ಹರಕೆ ಹೊತ್ತು, ಆಮೇಲೆ ಮೈಸೂರಿನ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತುವವರನ್ನು ತಿ. ನರಸೀಪುರದಲ್ಲಿ ನಾವು ಎಷ್ಟೋ ಸಲ ಮಾತಾಡಿಸಿದ್ದೇವೆ. ಎಲ್ಲರದ್ದೂ ಒಂದೇ ಭಯ: ಕುತ್ತಿಗೆ ಕೊಯ್ದರೆ ಬದುಕುತ್ತೇವಾ?

ಆ ಭಯ ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ಥೈರಾಯ್ಡ್ ಗ್ರಂಥಿಯಲ್ಲಿ ರಕ್ತದ ಓಡಾಟ ಜಾಸ್ತಿ. ಸುಮಾರು 1850ರಲ್ಲಿ ಯುರೋಪಿನಲ್ಲೇ ಈ ಆಪರೇಷನ್ ಆದವರಲ್ಲಿ ಬಹಳ ಮಂದಿ ರಕ್ತ ಸುರಿದೋ ಕೀವಾಗಿಯೋ ಸಾಯುತ್ತಿದ್ದರು. ಇದನ್ನು ಬದಲಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಚರ್. ಅಲ್ಲಿನ ಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ಕಮ್ಮಿ, ಹಾಗಾಗಿ ಗಳಗಂಡ ಮನೆಮನೆಯ ಕಾಯಿಲೆ. ಕೋಚರ್ ಅವಸರ ಮಾಡಲಿಲ್ಲ. ಒಂದೊಂದೇ ರಕ್ತನಾಳ ಕಟ್ಟಿ, ಶುಚಿಯಾಗಿ, ನಿಧಾನಕ್ಕೆ ಕೊಯ್ದರು. ಸಾವು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. 1909ರಲ್ಲಿ ನೊಬೆಲ್ ಬಂತು.

ನಮಗೆ ನೊಬೆಲ್‌ಗಿಂತ ದೊಡ್ಡದಾಗಿ ಕಾಣುವುದು 1883ರಲ್ಲಿ ಅವರು ಮಾಡಿದ ಕೆಲಸ. ಹಳೆಯ ರೋಗಿಗಳನ್ನು ವಾಪಸ್ ಕರೆಸಿ ನೋಡಿದರು. ಗ್ರಂಥಿಯನ್ನು ಪೂರ್ತಿ ತೆಗೆದಿದ್ದವರಲ್ಲಿ ಬಹುತೇಕರ ಮುಖ ಊದಿತ್ತು, ಬುದ್ಧಿ ಮಂಕಾಗಿತ್ತು, ಮಕ್ಕಳ ಬೆಳವಣಿಗೆ ನಿಂತಿತ್ತು. ಗಾಯ ಮಾತ್ರ ಚೆನ್ನಾಗಿ ಮಾಗಿತ್ತು! ತಮ್ಮ ಕೈಯಿಂದಲೇ ಆದದ್ದೆಂದು ಮುಚ್ಚಿಡದೆ ಸಭೆಯಲ್ಲಿ ಹೇಳಿದರು. ಗ್ರಂಥಿಯಿಲ್ಲದೆ ದೇಹ ನಡೆಯದು ಎಂದು ವೈದ್ಯಲೋಕ ಕಲಿತದ್ದು ಹೀಗೆ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ, ಕುರಿಯ ಥೈರಾಯ್ಡ್ ರಸವನ್ನು ಇಂಥದೇ ತೊಂದರೆಯಿದ್ದ ಹೆಂಗಸಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದಳು. ಇವತ್ತಿನ ಸಣ್ಣ ಥೈರಾಕ್ಸಿನ್ ಮಾತ್ರೆ ಆ ರಸದ ಮುಂದಿನ ತಲೆಮಾರು. (ನಮ್ಮ ದೇಶದಲ್ಲಿ ಗಳಗಂಡ ತಡೆಯಲು 1962ರಲ್ಲಿ ಅಯೋಡಿನ್ ಉಪ್ಪಿನ ಕಾರ್ಯಕ್ರಮ ಶುರುವಾಯಿತು. ಹಾಗಂತ ಎಲ್ಲ ಗಂಟೂ ಉಪ್ಪಿನ ಕೊರತೆಯದ್ದಲ್ಲ.)

ಹೋದ ವರ್ಷ ನಮ್ಮ ತಾಲ್ಲೂಕಿನ ಅಕ್ಕ ಒಬ್ಬರಿಗೆ ಪೂರ್ತಿ ಗ್ರಂಥಿ ತೆಗೆದರು. ಎರಡೇ ತಿಂಗಳಿಗೆ ಮಾತ್ರೆ ಬಿಟ್ಟರು. "ಗಂಟೇ ಹೋಯ್ತಲ್ಲಪ್ಪಾ, ಇನ್ಯಾಕೆ?" ಅಂದರು. ನಾವು ಮತ್ತೆ ಕಂಡಾಗ ಮುಖ ಊದಿತ್ತು, ಮಾತು ಎಳೆಯುತ್ತಿತ್ತು, ನಾಟಿಗೆ ಹೋದವರು ಬದುವಿನ ಮೇಲೇ ತೂಕಡಿಸುತ್ತಿದ್ದರು. ಕೋಚರ್ ಕಂಡದ್ದೇ ಇಲ್ಲೂ ಆಗಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಮತ್ತೆ ಶುರು ಮಾಡಿಸಿದರು. ಅರ್ಧ ಗ್ರಂಥಿ ಉಳಿದವರಿಗೆ ಕೆಲವೊಮ್ಮೆ ಮಾತ್ರೆ ಬೇಡವಾಗಬಹುದು, ಪೂರ್ತಿ ಹೋದವರಿಗೆ ಜೀವನಪೂರ್ತಿ ಬೇಕು.

ಈಗ ಆ ಅಕ್ಕನ ಮಾತ್ರೆ ಡಬ್ಬಿ ಒಲೆ ಪಕ್ಕದ ಗೂಡಿನಲ್ಲಿ, ಕಾಫಿಪುಡಿಯ ಮುಂದೆ ಕೂತಿದೆ. ಖಾಲಿ ಹೊಟ್ಟೆಗೆ ಮೊದಲು ಅದು, ಕಾಫಿ ಒಂದು ಗಂಟೆ ಬಿಟ್ಟು.