ಬೀಸುವ ತಾಳ, ಹಾಡುವ ಸಾಲು: ಕಂಸಾಳೆಯ ಸಂಕೇತಲೋಕ ಮತ್ತು ಯುವಜನರು

ಬೀಸು ಕಂಸಾಳೆ ಕುಣಿತದ ಕಲಾವಿದನ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಬಲಗೈಯದು ತಲೆ ಸುತ್ತಿ, ಬೆನ್ನ ಹಿಂದೆ ಹಾದು ಬಂದು ಬಟ್ಟಲಿಗೆ ಬಡಿಯಬೇಕು, ಕೆಲವೊಮ್ಮೆ ಪಕ್ಕದವನ ಬಟ್ಟಲಿಗೆ. ಲಯ ತಪ್ಪಿದರೆ ಕಂಚು ಜೊತೆಗಾರನ ಮೈಗೇ ತಾಗುತ್ತದೆ. ಯುವಜನೋತ್ಸವದ ವೇದಿಕೆಯಲ್ಲೂ ಮೈಸೂರು ದಸರಾ ಮೆರವಣಿಗೆಯಲ್ಲೂ ಜನ ಬೆರಗಾಗುವುದು ಈ ಕೈಚಳಕಕ್ಕೆ. ಆದರೆ ಕಂಸಾಳೆಯ ಅರ್ಥ ಬೀಸೊಂದರಲ್ಲೇ ಇಲ್ಲ. ಬೀಸು ಹಾಡನ್ನು ಕೂಡುವಲ್ಲಿ ಅದು ಹುಟ್ಟುತ್ತದೆ.

ಕಂಸಾಳೆ ಮೊದಲಿಗೆ ವ್ರತದ ಗುರುತು. ಮಲೆ ಮಹದೇಶ್ವರನ ಒಕ್ಕಲಿನವರು ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಧರಿಸಿ, ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುತ್ತಾರೆ. ಇವರೇ ದೇವರಗುಡ್ಡರು. ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆಯಲ್ಲಿ ಮಾದಪ್ಪನ, ಅಂದರೆ ಮಹದೇಶ್ವರನ, ಮಹಾಕಾವ್ಯವನ್ನು ತಲೆಮಾರುಗಳಿಂದ ಬಾಯಲ್ಲೇ ಕಾಪಾಡಿಕೊಂಡು ಬಂದವರೂ ಇವರೇ. ಪಿ.ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲಿ ಅಚ್ಚಾದ ಮೇಲೆ ಅದರ ಹರವು ಓದುಗರಿಗೆ ತಿಳಿಯಿತು.

ಈ ಕಾವ್ಯ ‘ಸಾಲು’ಗಳಾಗಿ, ಅಂದರೆ ಕಥಾಭಾಗಗಳಾಗಿ, ಹರಡಿಕೊಂಡಿದೆ. ಅವುಗಳಲ್ಲಿ ಸಂಕಮ್ಮನ ಸಾಲನ್ನು ಇಂದಿನ ಹುಡುಗ ಹುಡುಗಿಯರು ಕೇಳಲೇಬೇಕು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ, ತಾನಿಲ್ಲದಾಗ ಶೀಲ ಕೆಡಿಸಿಕೊಳ್ಳುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಅವಳು ಒಪ್ಪುವುದಿಲ್ಲ. ಅವನು ಕೊಟ್ಟ ಚಿತ್ರಹಿಂಸೆಗೂ ಬಗ್ಗುವುದಿಲ್ಲ. ಕೊನೆಗೆ ಅವಳ ಮೊರೆಗೆ ಓಗೊಟ್ಟು ಮಾದಪ್ಪ ಬರುತ್ತಾನೆ; ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಸಂಶಯಪಡುವ ಗಂಡನ ಮುಂದೆ ಆಣೆ ಇಡಲೊಲ್ಲದ ಹೆಣ್ಣಿನ ಪಕ್ಕದಲ್ಲಿ ದೇವರನ್ನೇ ನಿಲ್ಲಿಸಿದ ಜನಪದರ ನ್ಯಾಯಪ್ರಜ್ಞೆ ದೊಡ್ಡದು. ಮೊಬೈಲು ತೋರಿಸು, ಎಲ್ಲಿದ್ದೆ ಹೇಳು ಎಂಬ ಕಾವಲು ಪ್ರೀತಿಯ ಹೆಸರಲ್ಲಿ ನಡೆಯುವ ಈ ಕಾಲದಲ್ಲಿ ಸಂಕಮ್ಮನ ನಿರಾಕರಣೆಗೆ ವ್ಯಾಖ್ಯಾನ ಬೇಕಾಗಿಲ್ಲ.

ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ (1996) ಚಿತ್ರ ಕಂಸಾಳೆಯನ್ನು ನಾಡಿಗೆಲ್ಲ ಪರಿಚಯಿಸಿತು. ಇಂದು ದೀಕ್ಷೆಯ ಹಂಗಿಲ್ಲದೆ ವಿದ್ಯಾರ್ಥಿಗಳು ಇದನ್ನು ಕಲಿಯುತ್ತಿದ್ದಾರೆ. ವ್ರತ ಸಡಿಲಿತೆಂಬ ಕೊರಗಿಗೆ ಕಾರಣವಿದೆ. ಆದರೂ ಕಲೆ ಒಕ್ಕಲಿನಾಚೆಗೆ ಹಬ್ಬಿದ್ದು ಲಾಭವೇ. ನಿಜವಾದ ನಷ್ಟ ಆಗುತ್ತಿರುವುದು ಬೇರೆಡೆ. ಸ್ಪರ್ಧೆಯಲ್ಲಿ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಪಿರಮಿಡ್ ಕಟ್ಟಬೇಕು, ಅಂಗಾತ ಮಲಗಿ ಬೀಸಬೇಕು. ಹಾಡು ನಾಲ್ಕು ಸೊಲ್ಲಿಗೆ ಇಳಿಯುತ್ತದೆ, ಕಥೆ ಕಾಣೆಯಾಗುತ್ತದೆ. ಇಡೀ ರಾತ್ರಿ ಹಾಡುವ ಗುಡ್ಡರ ಮೇಳದಲ್ಲಿ ತಾಳ ಕಥೆಯ ಕಾಲಾಳು. ವೇದಿಕೆಯಲ್ಲಿ ಅದೇ ಒಡೆಯ.

ಪರಿಹಾರ ದುಬಾರಿಯದಲ್ಲ. ಕಾಲೇಜು ತಂಡಗಳು ಬೀಸು ಕಲಿಯುವಾಗಲೇ ಒಂದು ಸಾಲನ್ನು ಗುಡ್ಡರ ಬಾಯಿಂದ ಪೂರ್ತಿ ಕೇಳಬೇಕು, ಅದರ ಒಂದು ಭಾಗವನ್ನಾದರೂ ತಾವೇ ಹಾಡಬೇಕು. ತೀರ್ಪುಗಾರರು ಹಾಡಿಗೂ ಬೀಸಿನಷ್ಟೇ ಅಂಕ ಇಟ್ಟರೆ ತರಬೇತುದಾರರು ತಾವಾಗಿಯೇ ಗುಡ್ಡರ ಮನೆ ಹುಡುಕಿಕೊಂಡು ಹೋಗುತ್ತಾರೆ.