ಗುಡವಿಯಲ್ಲಿ ಬಾಣಂತನ, ಊಟ ನಮ್ಮ ಗದ್ದೆಯಲ್ಲಿ

ನನ್ನ ತವರು ಸೊರಬದ ಕಡೆ, ಕೊಟ್ಟಿದ್ದು ಶಿಕಾರಿಪುರಕ್ಕೆ ಅಂತ ನಿಮಗೆಲ್ಲ ಗೊತ್ತೇ ಐತೆ. ಹೋದ ಶ್ರಾವಣದಲ್ಲಿ ತವರಿಗೆ ಹೋದಾಗ ತಂಗಿ, ನಾದಿನಿ, ಮೊಮ್ಮಗಳು ಎಲ್ಲ ಸೇರಿ ಗುಡವಿ ಪಕ್ಷಿಧಾಮಕ್ಕೆ ಹೋಗಿ ಬಂದ್ವಿ. ಸೊರಬದಿಂದ ಬನವಾಸಿ ಕಡೆಗೆ 15-16 ಕಿಲೋಮೀಟರ್ ಅಷ್ಟೇ. ಚಿಕ್ಕವಳಿದ್ದಾಗ ಅದು ಬರೀ ಗುಡವಿ ಕೆರೆ. ಪಕ್ಷಿಧಾಮ ಅಂತ ಸರ್ಕಾರ ಘೋಷಿಸಿದ್ದು 1989ರಲ್ಲಿ.

ಮಳೆನೀರೇ ಆ ಕೆರೆಗೆ ಆಧಾರ. ಮಳೆಗಾಲದಲ್ಲಿ ತುಂಬಿದಾಗ ಹೊಳೆಲಕ್ಕಿ ಮರಗಳು ಸೊಂಟದ ತನಕ ನೀರಲ್ಲಿ ನಿಂತಿರ್ತಾವೆ. ಅವುಗಳ ಮೇಲೆ ಬಿಳಿ ಬಟ್ಟೆ ಒಣ ಹಾಕಿದಂಗೆ ಹಕ್ಕಿ! ಕಪ್ಪು ತಲೆ, ಕುಡುಗೋಲಿನಂಥ ಕೊಕ್ಕಿನ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಿನಂಗೆ ಕುತ್ತಿಗೆ ಎತ್ತೋ ಹಾವಕ್ಕಿ. ನೀರಿನ ನಡುವಿನ ಮರಕ್ಕೆ ಕಾಡುಬೆಕ್ಕು ಸುಲಭಕ್ಕೆ ಬರಲ್ಲ, ಅದಕ್ಕೇ ಅಲ್ಲಿ ಗೂಡು. ದಡದ ಮೇಲೆ ಮತ್ತಿ, ನಂದಿ, ಬೀಟೆ, ಬೈನೆ, ಮುತ್ತುಗ ಎಲ್ಲ ನಮ್ಮ ಪರಿಚಯದ ಮರಗಳೇ.

ಮೊಮ್ಮಗಳು ಕೇಳಿದ್ಲು, "ಅಜ್ಜಿ, ಇಷ್ಟೊಂದು ಹಕ್ಕಿಗೆ ಊಟ ಯಾರು ಹಾಕ್ತಾರೆ?"

ನಾನು ಸುಮ್ಮನೆ ನೋಡ್ತಾ ನಿಂತೆ. ಹಕ್ಕಿಗಳು ಒಂದೊಂದಾಗಿ ಎದ್ದು ಕೆರೆ ದಾಟಿ ಹೊರಗೆ ಹೋಗ್ತಿದ್ವು, ನಾಟಿ ಮಾಡಿದ ಗದ್ದೆಗಳ ಕಡೆಗೆ. ಕಪ್ಪೆ, ಮೀನು, ಏಡಿ, ಹುಳ ಹಿಡ್ಕೊಂಡು ಮರಿಗೆ ತರೋದು ಅಲ್ಲಿಂದ. ಪಕ್ಷಿಧಾಮ ಇರೋದು ಬರೀ 73 ಹೆಕ್ಟೇರ್. ಅದು ಬಾಣಂತಿ ಕೋಣೆ ಕಣ್ರೇ, ಅಡುಗೆಮನೆ ನಮ್ಮ ಕೆರೆ-ಗದ್ದೆ.

ಈ ಅಡುಗೆಮನೆ ಇವತ್ತು ನಿನ್ನೆದಲ್ಲ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿ ಮುಂದೆ ಒಂದು ಕಲ್ಲಿನ ಕಂಬದ ಶಾಸನ ಐತೆ. ಕದಂಬರ ಶಾಂತಿವರ್ಮನ ಕಾಲದ್ದು, ಐದನೇ ಶತಮಾನ, ಬರೆದ ಕವಿ ಕುಬ್ಜ. ಅಲ್ಲಿ ಅವನ ತಂದೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿ ಐತೆ. ಮನೆ ಹತ್ತಿರ ಬೆಳೆದ ಕದಂಬ ಮರವನ್ನ ಪ್ರೀತಿಯಿಂದ ಸಾಕಿದ್ದಕ್ಕೇ ವಂಶಕ್ಕೆ ಆ ಹೆಸರು ಬಂತು ಅಂತಲೂ ಐತೆ. ಮರದಿಂದ ಹೆಸರು ಪಡೆದವರು ಕೆರೆ ಕಟ್ಟಿಸಿದ್ರು, ನೋಡಿ.

ಕೆರೆಗೆ ನೀರು ಬರಬೇಕು ಅಂದ್ರೆ ಮೇಲೆ ಕಾನು ಇರಬೇಕು. ಸೊರಬದ ಕಾನು ಅಂದ್ರೆ ದೇವರಿರೋ ದಟ್ಟ ಹಸಿರು ಕಾಡು. ಕಾಳುಮೆಣಸು, ಬೈನೆ, ಜೇನು ಎಲ್ಲ ಅಲ್ಲಿಂದ ಬರ್ತಿತ್ತು, ಊರವರೇ ಕಾಯ್ತಿದ್ರು. 1868ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಈ ಕಾನುಗಳ ಬಗ್ಗೆಯೇ ವರದಿ ಬರೆದ್ರು. ಆಮೇಲೆ ಎಷ್ಟೋ ಕಾನು ಕರಗಿ ಹೋದ್ವು.

ಈಗ ಕರಗ್ತಾ ಇರೋದು ಗದ್ದೆ. ನಮ್ಮನೇಲೂ ಅದೇ ಮಾತು. ಕೆರೆ ಕೆಳಗಿನ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಹಾಕೋಣ ಅಂತಾನೆ ಮಗ. ಅವನದೂ ತಪ್ಪಲ್ಲ. ನಾಟಿಗೆ ಆಳು ಸಿಗಲ್ಲ, ಭತ್ತದಲ್ಲಿ ಖರ್ಚು ಹುಟ್ಟಲ್ಲ, ಮಗಳ ಮದುವೆ ಸಾಲ ನಾವು ತೀರಿಸಿದ್ದೂ ಅಡಿಕೆಯಿಂದಲೇ. ಆದ್ರೆ ಎಲ್ಲರ ಗದ್ದೆಯೂ ತೋಟ ಆದ್ರೆ ಆ ಹಕ್ಕಿ ಮರಿಗೆ ಏನು ತಂದು ಕೊಡಬೇಕು? ಉಳಿದ ಗದ್ದೆಗೂ ಎಣ್ಣೆ ಹೊಡೆದು ಕಪ್ಪೆ ಕೂಗೇ ಇಲ್ಲದಂಗೆ ಮಾಡೀವಿ. ಗುಡವಿಗೆ ಎಷ್ಟು ಬೇಲಿ ಹಾಕಿದ್ರೂ ಈ ಹಸಿವಿಗೆ ಬೇಲಿ ಉಪಯೋಗಕ್ಕೆ ಬರಲ್ಲ.

ಮನೇಲಿ ನಾನು ಕೇಳಿದ್ದು ಇಷ್ಟೇ: ಕೆರೆ ಕೆಳಗಿನ ಅರ್ಧ ಎಕರೆ ಗದ್ದೆಯಾಗೇ ಇರ್ಲಿ, ಅದಕ್ಕೆ ಎಣ್ಣೆ ಬೇಡ, ಮನೆ ಊಟದ ಅಕ್ಕಿ ಅಲ್ಲೇ ಆಗ್ಲಿ. ಮಗ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಈ ಸಲ ನಾಟಿಗೆ ನಾನೇ ಇಳೀತೀನಿ ಅಂದೀನಿ. ಮಂಡಿ ನೋವು ಐತೆ, ಬಿಡುವಿದ್ದೋರು ಬನ್ರೇ, ಮಧ್ಯಾಹ್ನದ ಊಟ ನಮ್ಮನೇಲೇ.