ಹನಿ ಹೀರದ ಪಾತ್ರೆ

ಪರಮಪ್ರಸಾದ ಸ್ವೀಕಾರದ ಬಳಿಕ ಗುರುಗಳು ಪಾನಪಾತ್ರೆಗೆ ನೀರು ಹಾಕಿ, ಕುಡಿದು, ಒರೆಸುವುದನ್ನು ನೀವು ಕಂಡಿದ್ದೀರಿ. ಆ ಪಾತ್ರೆಯ ಬಟ್ಟಲು ದ್ರವವನ್ನು ಹೀರದ ವಸ್ತುವಿನದಾಗಿರಬೇಕೆಂಬುದು ಪೂಜಾವಿಧಿಯ ನಿಯಮ. ಇದಕ್ಕೆ ಹತ್ತಿರವಾದ ಒಂದು ನಿಯಮವನ್ನು ವೈದ್ಯಶಾಸ್ತ್ರ ತಲುಪಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ತಿಳಿದ್ರವವನ್ನು 1764ರಲ್ಲಿ ನೇಪಲ್ಸಿನ ವೈದ್ಯ ದೊಮೆನಿಕೊ ಕೊತುನ್ಯೊ ವಿವರಿಸಿದರು. 1891ರಲ್ಲಿ ಜರ್ಮನಿಯ ಹೈನ್ರಿಖ್ ಕ್ವಿಂಕೆ, ಸೊಂಟದ ಮೂಳೆಗಳ ನಡುವೆ ಸೂಜಿ ಚುಚ್ಚಿ ಅದನ್ನು ಹೊರತೆಗೆಯುವ ವಿಧಾನವನ್ನು ಪ್ರಕಟಿಸಿದರು. ಜೀವಕೋಶಗಳನ್ನು ಎಣಿಸಲು, ಸಕ್ಕರೆಯ ಅಂಶವನ್ನು ಅಳೆಯಲು ಗಾಜಿನ ನಳಿಕೆಯೇ ಸಾಕಾಗಿತ್ತು.

ತೊಡಕು ಎದುರಾದದ್ದು 1990ರ ದಶಕದಲ್ಲಿ. ಆಲ್‌ಝೈಮರ್ ಎಂಬ ಮರೆವಿನ ರೋಗದಲ್ಲಿ ಅಮಿಲಾಯ್ಡ್ ಬೀಟಾ 42 ಎಂಬ ಪ್ರೋಟೀನು ಮಿದುಳಿನಲ್ಲೇ ಗಡ್ಡೆಗಟ್ಟುತ್ತದೆ. ಆದಕಾರಣ ಈ ದ್ರವದಲ್ಲಿ ಅದರ ಪ್ರಮಾಣ ತಗ್ಗುತ್ತದೆ. ತಗ್ಗಿದ್ದರೆ ರೋಗದ ಸೂಚನೆ. ಆದರೆ ಈ ಪ್ರೋಟೀನು ಬಲು ಅಂಟು! ಗಾಜು ಹೀರುವುದಿಲ್ಲ, ನಿಜ. ಆದರೂ ಗಾಜಿನ ಮತ್ತು ಪಾಲಿಸ್ಟೈರೀನ್ ನಳಿಕೆಗಳ ಒಳಮೈಗೆ ಅದು ಅಂಟಿಕೊಳ್ಳುತ್ತದೆ. ಒಂದು ನಳಿಕೆಯಿಂದ ಮತ್ತೊಂದಕ್ಕೆ ಸುರಿದಷ್ಟೂ ನಷ್ಟ ಹೆಚ್ಚು. ನಳಿಕೆಯಲ್ಲಿ ದ್ರವ ಕಡಿಮೆಯಿದ್ದರೂ ಹಾಗೆಯೇ, ಏಕೆಂದರೆ ಇರುವಷ್ಟು ದ್ರವಕ್ಕೆ ತಾಗುವ ಗೋಡೆಯೇ ದೊಡ್ಡದಾಗುತ್ತದೆ. ಹೀಗೆ, ರೋಗವಿಲ್ಲದ ಅಜ್ಜಿಯೊಬ್ಬರ ವರದಿಯೂ ರೋಗಿಯದರಂತೆ ಕಾಣಬಹುದು. ಆ ಕಾಗದ ಹಿಡಿದು ಮನೆಗೆ ಮರಳುವ ಮಕ್ಕಳ ಸ್ಥಿತಿಯನ್ನು ಊಹಿಸಿಕೊಳ್ಳಿ.

ಪರಿಹಾರ ದೊರೆತದ್ದು ನಮ್ಮ ಅಡುಗೆಮನೆಯ ಡಬ್ಬಿಗಳಿಗೂ ಬಳಕೆಯಾಗುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನಲ್ಲಿ. 1954ರಲ್ಲಿ ಮಿಲಾನಿನಲ್ಲಿ ಅದರ ಗಟ್ಟಿ ರೂಪವನ್ನು ಸಿದ್ಧಪಡಿಸಿದ ಜೂಲಿಯೊ ನಟ್ಟಾ, 1963ರಲ್ಲಿ ಕಾರ್ಲ್ ಝೀಗ್ಲರ್ ಅವರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮಿದುಳಿನ ದ್ರವ ಅವರ ಮನಸ್ಸಿನಲ್ಲಿ ಇದ್ದಿರಲಾರದು! ಆದರೂ ಎಲ್ಲ ಪಾಲಿಪ್ರೊಪಿಲೀನ್ ನಳಿಕೆಗಳೂ ಒಂದೇ ಸಮನಲ್ಲ. ಆದುದರಿಂದ 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು, ಅತಿ ಕಡಿಮೆ ಅಂಟುವ ನಳಿಕೆಗೇ ದ್ರವವನ್ನು ನೇರವಾಗಿ ತೊಟ್ಟಿಕ್ಕಿಸಬೇಕು, ಅರ್ಧಕ್ಕಿಂತ ಕಡಿಮೆ ತುಂಬಬಾರದು, ಬೇರೆ ನಳಿಕೆಗೆ ಸುರಿಯದೆ ಅದನ್ನೇ ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂದು ಸೂಚಿಸಿದರು. ಅದೇ ಜಾತಿಯ ಮತ್ತೊಂದು ಪ್ರೋಟೀನಾದ ಬೀಟಾ 40ರೊಡನೆ ಹೋಲಿಸಿ ನೋಡುವ ರೂಢಿಯೂ ಬಂದಿದೆ. ಎರಡೂ ಗೋಡೆಗೆ ಅಂಟುವುದರಿಂದ ಅವುಗಳ ಅನುಪಾತ ಅಷ್ಟಾಗಿ ಕೆಡದು.

ನಿಮ್ಮ ಮನೆಯ ಹಿರಿಯರಿಗೆ ಈ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ, ದ್ರವವನ್ನು ಯಾವ ನಳಿಕೆಯಲ್ಲಿ ಹಿಡಿಯುತ್ತೀರಿ ಎಂದು ಕೇಳಲು ಸಂಕೋಚಪಡಬೇಡಿ.